ಹೊಸ ಪ್ರಾಜೆಕ್ಟ್‌ಗೆ ಅದರದೇ ಆದ ಜಾಗ

ಕೇಳುಗರಿಗೆ ನಮಸ್ಕಾರ. ಹೊಸ ಪೈಥಾನ್ ಪ್ರಾಜೆಕ್ಟ್ ಶುರು ಮಾಡುವವರು ಕೋಡ್‌ನ ಮೊದಲ ಸಾಲಿಗೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ: ಅದರ ಲೈಬ್ರರಿಗಳಿಗೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳಿಗೆ, ಪ್ರತ್ಯೇಕ ಜಾಗ ಮಾಡಿಕೊಡುವುದು.

ಒಂದು ಪೈಥಾನ್‌ನಲ್ಲಿ ಒಂದು ಲೈಬ್ರರಿಯ ಒಂದೇ ಆವೃತ್ತಿ ಇರುತ್ತದೆ. ಹಳೆಯ ಪ್ರಾಜೆಕ್ಟ್‌ಗೆ ವೆಬ್‌ಸೈಟ್ ಕಟ್ಟುವ ಲೈಬ್ರರಿಯಾದ ಜಾಂಗೋದ 3ನೇ ಆವೃತ್ತಿ ಬೇಕು, ಹೊಸದಕ್ಕೆ ಜಾಂಗೋ 5. ಹೊಸದನ್ನು ಹಾಕಿದ ಕೂಡಲೇ ಹಳೆಯದು ಅಳಿಸಿಹೋಗುತ್ತದೆ. ನಿನ್ನೆವರೆಗೆ ಓಡುತ್ತಿದ್ದ ಪ್ರೋಗ್ರಾಂ ಇವತ್ತು ನಿಂತುಬಿಡಬಹುದು. ಲಿನಕ್ಸ್‌ನಲ್ಲಂತೂ ಸಿಸ್ಟಂನ ಕೆಲವು ಪ್ರೋಗ್ರಾಂಗಳೇ ಪೈಥಾನನ್ನು ನಂಬಿಕೊಂಡಿವೆ. ಅದಕ್ಕೇ 2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್‌ನಲ್ಲಿ, ಲೈಬ್ರರಿ ಹಾಕುವ ಸಾಧನವಾದ ಪಿಪ್ ಬಳಸಿ ನೇರವಾಗಿ ಇನ್‌ಸ್ಟಾಲ್ ಮಾಡಲು ಹೋದರೆ ಎರರ್ ಬರುತ್ತದೆ. ಆ ತಡೆಯನ್ನು ಮೀರುವ ಆಯ್ಕೆಯೂ ಇದೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ಆ ಪ್ರತ್ಯೇಕ ಜಾಗ ಮಾಡಿಕೊಡುವ ಸಾಧನದ ಹೆಸರು ವೆನ್ವ್. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ, ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ಹೀಗೆ ಟೈಪ್ ಮಾಡಿ: ಪೈಥಾನ್, ಸ್ಪೇಸ್, ಹೈಫನ್ ಎಂ, ಸ್ಪೇಸ್, ವೆನ್ವ್, ಸ್ಪೇಸ್, ಡಾಟ್ ವೆನ್ವ್. ಲಿನಕ್ಸ್‌ನಲ್ಲಿ ಪೈಥಾನ್ ಬದಲು ಪೈಥಾನ್3 ಎನ್ನಬೇಕಾಗಬಹುದು. ಪೈಥಾನ್‌ನ 3.3ನೇ ಆವೃತ್ತಿಯಿಂದ ವೆನ್ವ್ ಅದರ ಜೊತೆಗೇ ಬರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಮಾತ್ರ ಅದರ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಈಗ ಡಾಟ್ ವೆನ್ವ್ ಎಂಬ ಫೋಲ್ಡರ್ ಸಿದ್ಧವಾಗಿದೆ. ಅದನ್ನು ಆಕ್ಟಿವೇಟ್ ಮಾಡಿ, ಅಂದರೆ ಟರ್ಮಿನಲ್ ಅದರೊಳಗಿನ ಪೈಥಾನನ್ನೇ ಬಳಸುವಂತೆ ಮಾಡಿ. ಆಕ್ಟಿವೇಟ್ ಸ್ಕ್ರಿಪ್ಟ್ ವಿಂಡೋಸ್‌ನಲ್ಲಿ ಡಾಟ್ ವೆನ್ವ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುತ್ತದೆ, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಬಿನ್ ಫೋಲ್ಡರ್‌ನಲ್ಲಿ. ಆಕ್ಟಿವೇಟ್ ಆದರೆ ಟರ್ಮಿನಲ್ ಸಾಲಿನ ಆರಂಭದಲ್ಲೇ ಆವರಣದೊಳಗೆ ಡಾಟ್ ವೆನ್ವ್ ಎಂದು ಕಾಣುತ್ತದೆ. ಹೊಸ ಟರ್ಮಿನಲ್ ತೆರೆದಾಗ ಮತ್ತೆ ಆಕ್ಟಿವೇಟ್ ಮಾಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಲೈಬ್ರರಿ ಹಾಕಿದ್ದೇವೆ, ಆದರೂ 'ಮಾಡ್ಯೂಲ್ ಸಿಗಲಿಲ್ಲ' ಎಂಬ ಎರರ್. ಆಗ ಪೈಥಾನ್, ಹೈಫನ್ ಎಂ, ಪಿಪ್, ಎರಡು ಹೈಫನ್ ಸೇರಿಸಿ ವರ್ಷನ್ ಎಂದು ಕೇಳಿ ನೋಡಿ. ಉತ್ತರದಲ್ಲಿ ಬರುವ ಪಾತ್‌ನಲ್ಲಿ, ಅಂದರೆ ಫೋಲ್ಡರ್ ವಿಳಾಸದಲ್ಲಿ, ಡಾಟ್ ವೆನ್ವ್ ಇಲ್ಲದಿದ್ದರೆ ನೀವು ಹೊರಗಿನ ಪೈಥಾನ್‌ನಲ್ಲಿದ್ದೀರಿ.

ಪ್ರಾಜೆಕ್ಟ್ ಫೋಲ್ಡರ್‌ನ ಹೆಸರು ಬದಲಿಸಿದರೂ ತೊಂದರೆಯೇ. ಪಿಪ್‌ನಂಥ ಸ್ಕ್ರಿಪ್ಟ್‌ಗಳ ಒಳಗೆ ಹಳೆಯ ಪೂರ್ತಿ ಪಾತ್ ಬರೆದಿರುತ್ತದೆ. ರಿಪೇರಿಗೆ ಕೂರಬೇಡಿ; ಡಾಟ್ ವೆನ್ವ್ ಅಳಿಸಿ ಹೊಸದಾಗಿ ಮಾಡಿ, ನಿಮ್ಮ ಕೋಡ್ ಅದರೊಳಗೆ ಇರುವುದಿಲ್ಲವಲ್ಲ.

ಲೈಬ್ರರಿಗಳ ಪಟ್ಟಿಯನ್ನು ಪಿಪ್ ಫ್ರೀಜ್ ಮೂಲಕ ರಿಕ್ವೈರ್ಮೆಂಟ್ಸ್ ಡಾಟ್ ಟಿಎಕ್ಸ್‌ಟಿ ಫೈಲ್‌ಗೆ ಬರೆದಿಡಿ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಮೊದಲ ಕಮಿಟ್‌ಗೆ, ಅಂದರೆ ಮೊದಲ ದಾಖಲೆಗೆ, ಮುಂಚೆಯೇ, ಗಿಟ್ ಸೇರಿಸಿಕೊಳ್ಳಬಾರದವುಗಳ ಪಟ್ಟಿಯಾದ ಡಾಟ್ ಗಿಟ್‌ಇಗ್ನೋರ್ ಫೈಲ್‌ನಲ್ಲಿ ಡಾಟ್ ವೆನ್ವ್ ಮತ್ತು ಪಾಸ್‌ವರ್ಡ್ ಇರುವ ಡಾಟ್ ಇಎನ್‌ವಿ, ಎರಡನ್ನೂ ಸೇರಿಸಿ. ಒಮ್ಮೆ ಕಮಿಟ್ ಆದ ಪಾಸ್‌ವರ್ಡ್, ಫೈಲ್ ಅಳಿಸಿದರೂ ಹಿಸ್ಟರಿಯಲ್ಲಿ ಉಳಿದೇ ಇರುತ್ತದೆ. ಹಾಗಾದಾಗ ಪಾಸ್‌ವರ್ಡನ್ನೇ ಬದಲಿಸಬೇಕು.

ಕೊನೆಗೆ ಪ್ರಾಜೆಕ್ಟನ್ನು ಬೇರೊಂದು ಫೋಲ್ಡರ್‌ಗೆ ಕ್ಲೋನ್ ಮಾಡಿ, ಅಂದರೆ ಗಿಟ್‌ನಿಂದ ನಕಲು ತೆಗೆದು, ಅಲ್ಲಿ ಹೊಸ ವೆನ್ವ್ ಮಾಡಿ, ಆ ಪಟ್ಟಿಯಿಂದಲೇ ಲೈಬ್ರರಿಗಳನ್ನು ಹಾಕಿ ಓಡಿಸಿ. ಪಟ್ಟಿಯಲ್ಲಿ ಬಿಟ್ಟುಹೋದದ್ದು ಅಲ್ಲೇ ಸಿಕ್ಕಿಬೀಳುತ್ತದೆ.