ಖಡಕ್ ರೊಟ್ಟಿ ತಿಂಗಳುಗಟ್ಟಲೆ ಉಳಿಬೇಕಾದ್ರ

ಕೇಳುಗರಿಗೆಲ್ಲ ನಮಸ್ಕಾರ. ಮಳಿಗಾಲದಾಗ ಭೀಮಾ ದಂಡಿ ಊರಿನವರ ಮನ್ಯಾಗ ಖಡಕ್ ರೊಟ್ಟಿ ಇರಲೇಬೇಕು. 2020ರ ಅಕ್ಟೋಬರ್‌ನಾಗ ಅಫಜಲಪುರ, ಜೇವರ್ಗಿ ಕಡಿ ಹೊಳಿ ನೀರು ಊರೊಳಗ ಹೊಕ್ಕಿತ್ತು. ಅಂಥ ಹೊತ್ತಿನಾಗ ಒಲಿ ಹತ್ತಂಗಿಲ್ಲ. ರೊಟ್ಟಿ, ಶೇಂಗಾ ಹಿಂಡಿ ಇದ್ರ ಊಟ ಆಯ್ತು. ಆದ್ರ ಒಂದು ಮಾತು ನೆನಪಿಡ್ರಿ: ರೊಟ್ಟಿಯೊಳಗಿನ ನೀರು ಪೂರಾ ಹೋಗಬೇಕು.

ಬಿಳಿಜೋಳದ ಹಿಟ್ಟು ಹೊಸದಾಗಿ ಬೀಸಿದ್ದಿರಲಿ. ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ಲ, ಬಡಿವಾಗ ಅಂಚು ಸೀಳ್ತದ. ಗೋಧಿಯಾಗಿರೋ ಗ್ಲುಟೆನ್ ಜೋಳದಾಗಿಲ್ಲ. ಅದಕ್ಕೇ ಕುದಿಯೋ ಎಸರು ಬೇಕು, ಅದರಾಗ ಹಿಟ್ಟಿನ ಪಿಷ್ಟ ಬೆಂದು ಅಂಟು ಬರ್ತದ. ಒಂದು ಬಟ್ಟಲ ಹಿಟ್ಟಿಗೆ ಮುಕ್ಕಾಲು ಬಟ್ಟಲ ಎಸರು ಹಾಕಿ, ಕೈ ತಾಳುವಷ್ಟು ಆರಿದ ಮ್ಯಾಲ ಗಟ್ಟಿಸಿ ನಾದ್ರಿ. ಎಣ್ಣಿ ಬ್ಯಾಡ, ದಿನ ಹೋದಂಗ ಕಮಟು ವಾಸನಿ ಹೊಡಿತದ.

ತೆಳ್ಳಗ ಬಡೀರಿ. ನಡು ದಪ್ಪ ಉಳಿದ್ರ ಅಲ್ಲೇ ನೀರು ಕುಂದರ್ತದ. ಹಂಚಿಗೆ ಹಾಕಿ, ಮ್ಯಾಲ ಒದ್ದಿ ಅರಿವಿ ಸವರಿ, ಆ ನೀರು ಆರಿದ ಕೂಡ್ಲೇ ಹೊಳ್ಳಿಸ್ರಿ. ಎರಡೂ ಮಗ್ಗಲು ಬೆಂದ್ರ ರೊಟ್ಟಿ ಆಯ್ತು, ಖಡಕ್ ಇನ್ನೂ ಆಗಿಲ್ಲ! ಉರಿ ಸಣ್ಣ ಮಾಡಿ, ಅರಿವಿಯಿಂದ ಒತ್ತಿ ಒತ್ತಿ ಒಣಗಿಸ್ರಿ. ಒಲಿ ಇದ್ದವರು ಕೆಂಡದ ಮಗ್ಗಲಿಗೆ ನಿಂದರಿಸ್ರಿ. ನಡುವಿನ ತುಣುಕು ಮುರಿದ್ರ ಟಪ್ ಅನಬೇಕು. ಬಾಗಿದ್ರ ಮತ್ತ ಹಂಚಿಗೆ.

ಇಷ್ಟು ದುಡಿದ ಮ್ಯಾಲ ಕೆಡಿಸೋದು ಎಲ್ಲಿ ಅಂದ್ರ, ಗಂಟು ಕಟ್ಟುವಾಗ. ಮಗ ಕಲಬುರಗಿಯಾಗ ರೂಮ್ ಮಾಡಿ ಓದ್ತಿರ್ತಾನ. ಬೆಳಗಿನ ಬಸ್ಸಿಗೆ ಕಳಸಬೇಕಂತ ತಾಯಿ ಕತ್ತಲದಾಗೇ ಎದ್ದು ರೊಟ್ಟಿ ಬಡಿತಾಳ. ಬಸ್ಸಿನ ಹೊತ್ತಾಯ್ತು, ಬಿಸಿ ಇದ್ದಂಗೇ ಪ್ಲಾಸ್ಟಿಕ್ ಚೀಲಕ್ಕ ತುಂಬಿ ಬಾಯಿ ಬಿಗಿತಾಳ. ದಾರ್ಯಾಗ ಆ ಬಿಸಿ ಹಬಿ ಚೀಲದೊಳಗ ಹನಿಹನಿಯಾಗಿ ನಿಲ್ತದ, ರೊಟ್ಟಿ ಅದನ್ನ ಹೀರ್ತದ. ರೂಮಿಗೆ ಮುಟ್ಟೋದರಾಗ ಮೆತ್ತಗ. ಎರಡು ಮೂರು ದಿನಕ್ಕ ನಡುವಿನ ರೊಟ್ಟಿಗೆ ಹಸರು ಬೂಜು. ಹುಡುಗ ಬೂಜು ಕೆರೆದು ತಿಂತಾನ, ಅದೂ ತಪ್ಪು. ಬೂಜಿನ ಬೇರು ಒಳಗಿರ್ತದ, ಕಣ್ಣಿಗೆ ಕಾಣಂಗಿಲ್ಲ. ಆ ರೊಟ್ಟಿ ಚೆಲ್ಲಬೇಕು. ತಾಯಂದಿರೇ, ಹಿಂದಿನ ದಿನಾನೇ ಮಾಡ್ರಿ. ಅರಿವಿ ಹಾಸಿ, ಒಂದರ ಮ್ಯಾಲೊಂದು ಇಡದೆ, ಪೂರಾ ಆರಿಸಿ ಆಮ್ಯಾಲ ಕಟ್ರಿ. ನೀರು ಹೋಗಬೇಕು, ಹೋದ ನೀರು ತಿರುಗಿ ಬರಬಾರದು.

ಬ್ಯಾಸಗಿಯಾಗ ಬುಟ್ಟಿ, ಅರಿವಿ ಸಾಕು. ಮಳಿಗಾಲಕ್ಕ ಬಿಗಿ ಮುಚ್ಚಳದ ಡಬ್ಬಿನೇ ಬೇಕು. ಬರೇ ಥಂಡಿ ಹವಾಕ್ಕ ಮೆತ್ತಗಾಗಿದ್ರ, ಬೂಜು ಇಲ್ಲಂದ್ರ, ಸಣ್ಣ ಉರಿಯಾಗ ಮತ್ತ ಒಣಗಿಸ್ರಿ.

ಎಳ್ಳಮಾಸಿ ಸಜ್ಜಿ ರೊಟ್ಟಿ ಇಷ್ಟು ದಿನ ತಾಳಂಗಿಲ್ಲ. ಸಜ್ಜಿಯಾಗ, ಎಳ್ಳಿನಾಗ ಎಣ್ಣಿ ಅಂಶ ಹೆಚ್ಚು, ಲಗೂನ ಕಹಿ ಆಗ್ತದ. ಅದನ್ನ ಮೊದಲು ತಿಂದು ಮುಗಸ್ರಿ, ಜೋಳದ್ದು ಡಬ್ಬ್ಯಾಗಿರಲಿ.