ಅಡಿಸ್ ಅಬಾಬಾ: ಎಂಟೊಟೊ ಬೆಟ್ಟದಿಂದ ಮೆಸ್ಕೆಲ್ ಚೌಕದವರೆಗೆ

ಕೇಳುಗರಿಗೆ ನಮಸ್ಕಾರ. ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬಾವನ್ನು ತೋರಿಸುವ ಅನುಭವಿ ಮಾರ್ಗದರ್ಶಿಗಳು ಪ್ರವಾಸಿಗರನ್ನು ಮೊದಲು ಊರ ನಡುವಿಗೆ ಕರೆದೊಯ್ಯುವುದಿಲ್ಲ. ಬೆಳಗಿನ ತಂಪಿರುವಾಗಲೇ ಉತ್ತರದ ಎಂಟೊಟೊ ಬೆಟ್ಟವನ್ನು ಹತ್ತಿಸುತ್ತಾರೆ. ಈ ಕ್ರಮವೇ ಸರಿಯಾದದ್ದೆಂದು ನಾನೂ ನಂಬಿದ್ದೇನೆ. ಏಕೆಂದರೆ ಈ ನಗರದ ಚರಿತ್ರೆ ಆ ಬೆಟ್ಟದ ಮೇಲೆ ಹುಟ್ಟಿ, ಇಳಿಜಾರಿನಲ್ಲಿ ಮೆಲ್ಲನೆ ಕೆಳಗಿಳಿದು, ತಪ್ಪಲಿನಲ್ಲಿ ಹರಡಿಕೊಂಡಿತು. ಅದೇ ದಾರಿಯಲ್ಲಿ ಇಂದು ನಾವೂ ಇಳಿದು ಬರೋಣ.

ನಗರವೇ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಅಂದರೆ ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಗಿಂತಲೂ ಮೇಲೆ ಒಂದು ದೊಡ್ಡ ರಾಜಧಾನಿ ನಿಂತಿದೆ. ಎಂಟೊಟೊ ಇನ್ನೂ ಮೇಲಿನದು, 3,000 ಮೀಟರಿಗೂ ಮಿಕ್ಕಿದ್ದು; ಹೊಸಬರಿಗೆ ನಾಲ್ಕು ಹೆಜ್ಜೆ ಬಿರುಸಾಗಿ ಹಾಕಿದರೂ ಏದುಸಿರು ಬರುತ್ತದೆ. ಅಲ್ಲಿ ಎರಡನೆಯ ಮೆನೆಲಿಕ್ ದೊರೆಯ ಹಳೆಯ ಅರಮನೆ ಇದೆ. ಅರಮನೆ ಎಂದೊಡನೆ ಕಣ್ಣಿಗೆ ಕಟ್ಟುವ ವೈಭವ ಅಲ್ಲಿಲ್ಲ. ಮಣ್ಣು ಮತ್ತು ಮರದಿಂದ ಕಟ್ಟಿ ಸುಣ್ಣ ಬಳಿದ ಸಾದಾ ಮನೆಗಳವು. ಪಕ್ಕದಲ್ಲಿರುವ ಎಂಟೊಟೊ ಮರಿಯಂ ಚರ್ಚಿನಲ್ಲಿ 1889ರಲ್ಲಿ ಆತ ಚಕ್ರವರ್ತಿಯಾಗಿ ಕಿರೀಟ ಧರಿಸಿದ. ಶತ್ರುಗಳಿಂದ ರಕ್ಷಣೆಗೆ ಬೆಟ್ಟ ಒಳ್ಳೆಯದು, ಬದುಕಿಗೆ ಕಷ್ಟದ್ದು: ಚಳಿ, ಗಾಳಿ, ಸೌದೆಗೆ ತತ್ವಾರ. ರಾಣಿ ತಾಯ್ತು ಬೆತುಲ್ ಕೆಳಗಿನ ಬಯಲಿನ ಫಿಲ್ವೊಹ ಬಿಸಿನೀರಿನ ಬುಗ್ಗೆಗಳಿಗೆ ಸ್ನಾನಕ್ಕೆಂದು ಇಳಿಯುತ್ತಿದ್ದಳು. ಆ ಜಾಗ ಆಕೆಗೆ ಹಿಡಿಸಿತು. 1886ರಲ್ಲಿ ಅಲ್ಲೊಂದು ಮನೆ ಕಟ್ಟಿಸಿಕೊಂಡು, ಹುಟ್ಟುತ್ತಿದ್ದ ಊರಿಗೆ ಹೊಸ ಹೂವು ಎಂಬರ್ಥದ ಹೆಸರಿಟ್ಟಳು. ಆದರೆ ಆ ಬಯಲು ನಿರ್ಜನವಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಅಲ್ಲಿ ದನಕರು ಮೇಯಿಸಿಕೊಂಡಿದ್ದ ಒರೊಮೊ ಜನರಿಗೆ ಅದು ಫಿನ್‌ಫಿನ್ನೆ; ರಾಜಧಾನಿ ಬೆಳೆದಂತೆ ಅವರು ಪಕ್ಕಕ್ಕೆ ಸರಿಯಬೇಕಾಯಿತು. ಇಂದಿಗೂ ಒರೊಮೊ ಭಾಷಿಕರು ನಗರವನ್ನು ಆ ಹೆಸರಿನಿಂದಲೇ ಕರೆಯುತ್ತಾರೆ.

ಎಂಟೊಟೊದಿಂದ ಇಳಿಯುವ ದಾರಿಯ ಎರಡೂ ಬದಿಗೆ ನೀಲಗಿರಿ ಮರಗಳ ಕಾಡು. ಇದು ಆ ನೆಲದ ಮರವಲ್ಲ. ಸೌದೆಗಾಗಿ ಸುತ್ತಲ ಕಾಡು ಬರಿದಾಗಿ, ರಾಜಧಾನಿಯನ್ನೇ ಬೇರೆಡೆಗೆ ಒಯ್ಯುವ ಆಲೋಚನೆ ನಡೆದಿದ್ದ ಕಾಲದಲ್ಲಿ, 1890ರ ದಶಕದಲ್ಲಿ, ಆಸ್ಟ್ರೇಲಿಯ ಮೂಲದ ಈ ಮರವನ್ನು ತಂದು ನೆಟ್ಟರು. ಅದು ಬೇಗ ಬೆಳೆಯಿತು, ಕಡಿದಷ್ಟೂ ಮತ್ತೆ ಚಿಗುರಿತು, ಊರು ಇದ್ದಲ್ಲೇ ಉಳಿಯಿತು. ಬೆನ್ನು ಬಾಗುವಷ್ಟು ದೊಡ್ಡ ಸೌದೆ ಹೊರೆ ಹೊತ್ತು ಇದೇ ದಾರಿಯಲ್ಲಿ ಪೇಟೆಗೆ ಇಳಿಯುವ ಹೆಂಗಸರು ಬಹುಕಾಲದಿಂದ ಈ ಊರಿನ ಒಲೆ ಉರಿಸುತ್ತ ಬಂದವರು. ಬೆಟ್ಟದ ಸೊಬಗನ್ನು ಕೊಂಡಾಡುವ ಪ್ರವಾಸಿಗರು ಅವರನ್ನೂ ಕಣ್ಣೆತ್ತಿ ನೋಡಬೇಕು.

ಕೆಳಗೆ ಪಿಯಾಸ್ಸ ಎಂಬ ಹಳೆಯ ಬಡಾವಣೆಯಲ್ಲಿ ಸಂತ ಜಾರ್ಜರ ಎಂಟು ಮೂಲೆಯ ಕಥೀಡ್ರಲ್ ಇದೆ. 1896ರ ಮಾರ್ಚ್ 1ರಂದು ಉತ್ತರದ ಅದ್ವ ಎಂಬಲ್ಲಿ ಮೆನೆಲಿಕ್‌ನ ಸೈನ್ಯ ಇಟಲಿಯ ಆಕ್ರಮಣಕಾರಿ ಪಡೆಯನ್ನು ಸೋಲಿಸಿತು. ಯುರೋಪಿನ ರಾಜ್ಯಗಳು ಆಫ್ರಿಕವನ್ನು ಹಂಚಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಬಂದ ಈ ಗೆಲುವು ಇಡೀ ಖಂಡಕ್ಕೆ ಧೈರ್ಯ ತಂದಿತು. ರಾಣಿ ತಾಯ್ತು ತನ್ನದೇ ಪಡೆಯೊಡನೆ ಆ ದಂಡಯಾತ್ರೆಗೆ ಹೋಗಿದ್ದಳು. ಮೆಕೆಲೆಯ ಇಟಾಲಿಯನ್ ಕೋಟೆಗೆ ನೀರಿನ ದಾರಿ ಕಡಿಸಿದ ಯುಕ್ತಿ ಆಕೆಯದೆಂದು ಇತಿಹಾಸ ನೆನೆಯುತ್ತದೆ. ಸಂತ ಜಾರ್ಜರ ತಾಬೊತ್, ಅಂದರೆ ಗರ್ಭಗುಡಿಯ ಪವಿತ್ರ ಫಲಕ, ಯುದ್ಧಭೂಮಿಗೆ ಜೊತೆಯಲ್ಲಿ ಹೋಗಿತ್ತಾದ್ದರಿಂದ ಗೆಲುವಿನ ಹರಕೆಯಂತೆ ಈ ಕಥೀಡ್ರಲ್ ಎದ್ದಿತು. ಸೆರೆಸಿಕ್ಕ ಇಟಾಲಿಯನ್ ಸೈನಿಕರೇ ಇದರ ಕೆಲಸದಲ್ಲಿ ದುಡಿದರು. ನಲವತ್ತು ವರ್ಷಗಳ ಬಳಿಕ ಇಟಲಿ ಮತ್ತೆ ದಂಡೆತ್ತಿ ಬಂದು ನಗರವನ್ನು ಹಿಡಿಯಿತು; 1937ರಲ್ಲಿ ಮುಸೊಲಿನಿಯ ಫ್ಯಾಸಿಸ್ಟರು ಇದಕ್ಕೆ ಬೆಂಕಿ ಇಟ್ಟರು. ಬಿಡುಗಡೆಯ ನಂತರ ಇಥಿಯೋಪಿಯದವರು ಇದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಒಳಗಿನ ಬಣ್ಣದ ಗಾಜಿನ ಕಿಟಕಿಗಳು ಆಫೆವೆರ್ಕ್ ತೆಕ್ಲೆ ಎಂಬ ಹೆಸರಾಂತ ಕಲಾವಿದರ ಕೈಚಳಕ.

ಕಥೀಡ್ರಲ್ಲಿನ ಹತ್ತಿರ ಕುದುರೆಯೇರಿದ ಮೆನೆಲಿಕ್‌ನ ಕಂಚಿನ ಪ್ರತಿಮೆ ಇದೆ. 1930ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯ ಪಟ್ಟಾಭಿಷೇಕದ ಹೊತ್ತಿಗೆ ಅದನ್ನು ನಿಲ್ಲಿಸಿದರು. ಅದ್ವದ ಸೋಲನ್ನು ನೆನಪಿಸುತ್ತದೆಂದು ಇಟಾಲಿಯನ್ನರು ಕಿತ್ತು ಮಣ್ಣಿನಲ್ಲಿ ಹೂಳಿಸಿದರು. ಅವರು ಹೋದ ಮೇಲೆ ಜನ ಅದನ್ನು ಅಗೆದು ತೆಗೆದು ಮೊದಲಿನ ಜಾಗದಲ್ಲೇ ಇಟ್ಟರು. ಹಳೆಯ ರೈಲು ನಿಲ್ದಾಣದ ಮುಂದಿರುವ, ಇಥಿಯೋಪಿಯದ ರಾಜಲಾಂಛನವಾಗಿದ್ದ ಯೆಹೂದದ ಸಿಂಹದ ಪ್ರತಿಮೆಯದೂ ಇಂಥದೇ ಪಾಡು. ಅದನ್ನು ರೋಮಿಗೆ ಹೊತ್ತೊಯ್ದು ಬೀದಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. 1960ರ ದಶಕದಲ್ಲಿ ಮರಳಿ ಬಂದು ಜಿಬೂತಿಯ ರೈಲು ಬರುತ್ತಿದ್ದ ನಿಲ್ದಾಣದೆದುರು ಮತ್ತೆ ನಿಂತಿತು. ಈ ಊರನ್ನು ನೋಡುವವರು ಇದೊಂದನ್ನು ಗಮನಿಸುತ್ತ ನಡೆಯಬೇಕೆಂದು ನನ್ನ ವಿನಂತಿ: ಕಳೆದುಕೊಂಡದ್ದನ್ನು ಅದರ ಮೂಲ ಜಾಗಕ್ಕೇ ತಂದಿಡುವುದರಲ್ಲಿ ಇಲ್ಲಿಯ ಜನರಿಗೆ ಇರುವ ಹಟ ದೊಡ್ಡದು.

ಆ ಹಟದ ಇನ್ನೊಂದು ಮುಖ ಸಿದಿಸ್ತ್ ಕಿಲೊ ಎಂಬಲ್ಲಿ ಕಾಣುತ್ತದೆ. ಅಲ್ಲಿ ಅಡಿಸ್ ಅಬಾಬಾ ವಿಶ್ವವಿದ್ಯಾಲಯದ ಮುಖ್ಯ ಆವರಣವಿದೆ. ಅದು ಮೊದಲು ಹೈಲೆ ಸೆಲಾಸಿಯ ಅರಮನೆ. ಇಟಲಿಯ ಆಡಳಿತದಲ್ಲಿ ವೈಸರಾಯ್ ಗ್ರಾಟ್ಸಿಯಾನಿಯ ಬಿಡಾರ. 1937ರ ಫೆಬ್ರವರಿ 19ರಂದು ಇಟಲಿಯ ರಾಜಮನೆತನದಲ್ಲಿ ಮಗು ಹುಟ್ಟಿದ ಸಂಭ್ರಮಕ್ಕೆಂದು ಗ್ರಾಟ್ಸಿಯಾನಿ ಬಡವರಿಗೆ ಹಣ ಹಂಚುತ್ತಿದ್ದಾಗ ಅಬ್ರಹ ದೆಬೊಚ್ ಮತ್ತು ಮೊಗೆಸ್ ಅಸ್ಗೆದೊಮ್ ಎಂಬ ಇಬ್ಬರು ತರುಣರು ಅವನತ್ತ ಕೈಬಾಂಬುಗಳನ್ನು ಎಸೆದರು. ಅವನು ಗಾಯಗೊಂಡು ಉಳಿದ. ಆದರೆ ಆ ಗಳಿಗೆಯಿಂದ ಮೂರು ದಿನ ನಗರದಲ್ಲಿ ನಡೆದದ್ದು ಹೇಳಲಾಗದ ಕ್ರೌರ್ಯ. ಸೈನಿಕರೂ ಕಪ್ಪಂಗಿಯ ಫ್ಯಾಸಿಸ್ಟರೂ ಗುಡಿಸಲುಗಳಿಗೆ ಬೆಂಕಿ ಹಚ್ಚಿ, ಕಂಡಕಂಡವರನ್ನು ಕೊಂದರು. ಸತ್ತವರು 30,000 ಎಂದು ಇಥಿಯೋಪಿಯ ಸರ್ಕಾರ ಮುಂದೆ ಹೇಳಿತು; ಇತ್ತೀಚಿನ ಸಂಶೋಧನೆಯೊಂದು ಸುಮಾರು 19,000 ಎಂದು ಅಂದಾಜಿಸಿದೆ. ಆವರಣದ ಹೊರಗಿನ ವೃತ್ತದಲ್ಲಿ ಅವರ ನೆನಪಿನ ಕಂಬವಿದೆ. ಇಥಿಯೋಪಿಯದ ಪಂಚಾಂಗದಲ್ಲಿ ಆ ದಿನ ಯೆಕಾತಿತ್ 12 ಆದ್ದರಿಂದ ಸ್ಮಾರಕಕ್ಕೂ ಅದೇ ಹೆಸರು. ಕಂಬದ ಸುತ್ತಲಿನ ಕಂಚಿನ ಉಬ್ಬುಶಿಲ್ಪಗಳಲ್ಲಿ ಹತ್ಯಾಕಾಂಡದ ದೃಶ್ಯಗಳನ್ನು ಯಾವ ಮುಚ್ಚುಮರೆಯಿಲ್ಲದೆ ಮೂಡಿಸಿದ್ದಾರೆ.

ಆವರಣದ ಒಳಗೆ ಹೋದರೆ, ಅರಮನೆಯೆದುರು ಎಲ್ಲಿಗೂ ತಲುಪಿಸದ ಒಂದು ಮೆಟ್ಟಿಲಸಾಲು ಬಯಲಿನಲ್ಲಿ ತಿರುಚಿಕೊಂಡು ಮೇಲೇರಿದೆ. ಮುಸೊಲಿನಿ 1922ರಲ್ಲಿ ಅಧಿಕಾರ ಹಿಡಿದಂದಿನಿಂದ ವರ್ಷಕ್ಕೊಂದರಂತೆ ಇಟಾಲಿಯನ್ನರು ಕಟ್ಟಿಸಿದ ಮೆಟ್ಟಿಲುಗಳವು. ಬಿಡುಗಡೆಯಾದ ಮೇಲೆ ಅದನ್ನು ಒಡೆದುಹಾಕುವುದು ಒಂದು ದಿನದ ಕೆಲಸವಾಗಿತ್ತು. ಒಡೆಯಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ತಮ್ಮ ಸಿಂಹದ ಒಂದು ಸಣ್ಣ ಮೂರ್ತಿಯನ್ನು ಕೂರಿಸಿದರು, ಅಷ್ಟೆ. ನಗರದ ದೊಡ್ಡ ದೊಡ್ಡ ಸ್ಮಾರಕಗಳಿಗಿಂತ ಈ ಚಿಕ್ಕ ಮೆಟ್ಟಿಲಸಾಲೇ ನನಗೆ ಹೆಚ್ಚಿನದಾಗಿ ತೋರುತ್ತದೆ. ಅರಮನೆಯನ್ನು 1960ರ ವಿಫಲ ದಂಗೆಯ ನಂತರ ಹೈಲೆ ಸೆಲಾಸಿ ವಿದ್ಯೆಗೆಂದು ಬಿಟ್ಟುಕೊಟ್ಟ. ಈಗ ಅಲ್ಲಿ ಜನಾಂಗ ಅಧ್ಯಯನದ ವಸ್ತುಸಂಗ್ರಹಾಲಯವಿದೆ. ಹುಟ್ಟು, ಮದುವೆ, ಸಾವುಗಳ ಕ್ರಮದಲ್ಲಿ ಆ ದೇಶದ ಬಗೆಬಗೆಯ ಜನರ ಬದುಕನ್ನು ಜೋಡಿಸಿಟ್ಟಿದ್ದಾರೆ. ದೊರೆಯ ಮಲಗುವ ಕೋಣೆಯನ್ನೂ ಇದ್ದಂತೆಯೇ ಉಳಿಸಿದ್ದಾರೆ, ಗುಂಡು ತಾಗಿ ತೂತಾದ ಕನ್ನಡಿಯೂ ಸೇರಿ.

ಅಲ್ಲಿಂದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹತ್ತಿರ. 1974ರ ನವೆಂಬರಿನಲ್ಲಿ ಅಫಾರ್ ಸೀಮೆಯ ಹದಾರ್‌ನಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಿಂದಿನ, ಲೂಸಿ ಎಂದು ಹೆಸರಾದ ಮನುಷ್ಯರ ಪೂರ್ವಿಕ ಜೀವಿಯ ಅಸ್ಥಿಪಂಜರದಿಂದಾಗಿ ಲೋಕವೆಲ್ಲ ಇದನ್ನು ಬಲ್ಲದು. ಇಥಿಯೋಪಿಯದವರು ಆಕೆಯನ್ನು ದಿಂಕಿನೇಶ್ ಎನ್ನುತ್ತಾರೆ. ಸಾಮಾನ್ಯವಾಗಿ ನೋಡಲು ಸಿಗುವುದು ಅಚ್ಚು ತೆಗೆದ ಪ್ರತಿ. ಮೂಲ ಎಲುಬುಗಳನ್ನು ಭದ್ರವಾಗಿ ಬೇರೆ ಇರಿಸಿದ್ದಾರೆ. ನಿಂತರೆ ಮೂರೂವರೆ ಅಡಿಯಷ್ಟಿದ್ದ ಆ ಜೀವ ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯುತ್ತಿತ್ತು ಎಂಬುದೇ ಅದರ ಮಹತ್ವ.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ನಮ್ಮ ಕಡೆಯ ಸಸ್ಯಾಹಾರಿಗಳು ಆತಂಕ ಪಡಬೇಕಿಲ್ಲ. ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ಮತ್ತು ಈಸ್ಟರಿನ ಮುಂಚಿನ 55 ದಿನ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಆದ್ದರಿಂದ ಉಪವಾಸದ ಊಟ ಬೇಕೆಂದರೆ ಸಾಕು, ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದ, ದೊಡ್ಡ ಸೆಟ್ ದೋಸೆಯಂತೆ ಮೃದುವಾದ ಇಂಜೆರದ ಮೇಲೆ ಮಸೂರ ಬೇಳೆ, ಕಡಲೆ ಹಿಟ್ಟಿನ ಶಿರೊ, ಸೊಪ್ಪು, ಬೀಟ್‌ರೂಟು ಎಲ್ಲವನ್ನೂ ಬಡಿಸಿ ತರುತ್ತಾರೆ. ಒಂದೇ ತಟ್ಟೆಯ ಸುತ್ತ ಕುಳಿತು ಎಲ್ಲರೂ ಬಲಗೈಯಿಂದ ಮುರಿದು ತಿನ್ನುವುದು ರೂಢಿ.

ಊಟದ ಬಳಿಕ ಕಾಫಿ. ಇದಕ್ಕೆ ಅವಸರ ಸಲ್ಲದು. ನೆಲಕ್ಕೆ ಹಸಿ ಹುಲ್ಲು ಹರಡಿ, ಕೆಂಡಕ್ಕೆ ಧೂಪ ಹಾಕಿ, ಮನೆಯ ಹೆಣ್ಣುಮಗಳು ತಗ್ಗಾದ ಮಣೆಯ ಮೇಲೆ ಕೂರುತ್ತಾಳೆ. ಹಸಿರು ಬೀಜವನ್ನು ತೊಳೆದು, ಬಾಣಲೆಯಲ್ಲಿ ಅಲುಗಿಸುತ್ತ ಹುರಿದು, ಎಣ್ಣೆಯೊಡೆದು ಹೊಗೆಯೇಳುವ ಹೊತ್ತಿಗೆ ಬಾಣಲೆಯನ್ನು ಹಿಡಿದು ಬಂದು ಒಬ್ಬೊಬ್ಬರ ಮುಂದೂ ತೋರಿಸುತ್ತಾಳೆ. ಕುಳಿತವರು ಕೈಯಿಂದ ಹೊಗೆಯನ್ನು ತಮ್ಮತ್ತ ಎಳೆದುಕೊಂಡು ಮೂಸಿ ತಲೆದೂಗುತ್ತಾರೆ. ಬಳಿಕ ಕುಟ್ಟಿ, ಜೆಬೆನ ಎಂಬ ಕರಿಮಣ್ಣಿನ ಉದ್ದ ಕೊರಳಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಸಣ್ಣ ಧಾರೆಯಾಗಿ ಸುರಿಯುತ್ತಾಳೆ. ಅದೇ ಪುಡಿಗೆ ಮತ್ತೆ ನೀರು ಹಾಕಿ ಮೂರು ಸಲ ಕುದಿಸುವುದು ಪದ್ಧತಿ: ಮೊದಲನೆಯದು ಅಬೊಲ್, ಎರಡನೆಯದು ತೊನ, ಮೂರನೆಯದು ಬೆರೆಕ. ಮೂರನೆಯದು ಆಶೀರ್ವಾದವಾದ್ದರಿಂದ ಅದಕ್ಕೆ ಮೊದಲೇ ಎದ್ದು ಹೊರಡುವುದು ಮರ್ಯಾದೆಯಲ್ಲ. ಕಾಫಿ ಗಿಡದ ತವರು ಇದೇ ದೇಶದ ನೈಋತ್ಯದ ಕಾಡುಗಳು. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮೆನ್‌ಗೆ ಹೋದ ಬೀಜವನ್ನೇ ಬಾಬಾಬುಡನ್ ಚಿಕ್ಕಮಗಳೂರಿನ ಗಿರಿಗೆ ತಂದರೆಂಬುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ. ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಇಥಿಯೋಪಿಯವನ್ನು ಹಿಂದಿನವರು ಹಬಶ್ ಎನ್ನುತ್ತಿದ್ದರು. ಬೀದರಿನ ಹಬ್ಶಿಕೋಟೆಯ ಗೋರಿಗಳೂ, ವಿಜಯಪುರದ ಆದಿಲಶಾಹಿ ದರ್ಬಾರಿನಲ್ಲಿ ಮಂತ್ರಿಪದವಿಗೇರಿದ ಇಖ್ಲಾಸ್ ಖಾನನ ಚಿತ್ರಗಳೂ ಆ ನಾಡಿನಿಂದ ಬಂದವರ ಗುರುತುಗಳು. ಇತ್ತ ಭಾರತದಿಂದ ಹೋದ ವ್ಯಾಪಾರಿಗಳು, ಗಾರೆ ಮತ್ತು ಮರಗೆಲಸದವರು ಮೆನೆಲಿಕ್‌ನ ಕಾಲದಲ್ಲೇ ಅಡಿಸ್ ಅಬಾಬಾದಲ್ಲಿ ನೆಲೆಸಿದ್ದರು. ಮುಂದೆ ಹೈಲೆ ಸೆಲಾಸಿಯ ಕಾಲದಲ್ಲಿ ಸಾವಿರಾರು ಭಾರತೀಯ ಶಿಕ್ಷಕರು ಆ ದೇಶದ ಶಾಲೆಗಳಲ್ಲಿ ಪಾಠ ಹೇಳಿದರು.

ಮರ್ಕಾತೊ ಎಂಬ ಬೃಹತ್ ಸಂತೆಯನ್ನು ಹಾದು, ಹೋಲಿ ಟ್ರಿನಿಟಿ ಕಥೀಡ್ರಲ್ಲಿಗೆ ಬಂದರೆ ಹೈಲೆ ಸೆಲಾಸಿಯ ಸಮಾಧಿ ಕಾಣುತ್ತದೆ. 1974ರಲ್ಲಿ ಸೈನಿಕರ ಕೂಟವಾದ ದೆರ್ಗ್ ಅವನನ್ನು ಪದಚ್ಯುತಗೊಳಿಸಿತು. ಮರುವರ್ಷ ಅವನು ಸತ್ತ. ದೇಹವನ್ನು ಅರಮನೆಯಲ್ಲೇ ಗುಟ್ಟಾಗಿ ಹೂತಿದ್ದರು. 1992ರಲ್ಲಿ ಅದು ಸಿಕ್ಕಿತು. 2000ದ ನವೆಂಬರಿನಲ್ಲಿ ಇಲ್ಲಿ ವಿಧಿವತ್ತಾಗಿ ಸಮಾಧಿ ಮಾಡಿದರು. ಇದೇ ಆವರಣದಲ್ಲಿ ಇಂಗ್ಲೆಂಡಿನ ಮಹಿಳಾ ಮತದಾನ ಹೋರಾಟಗಾರ್ತಿ ಸಿಲ್ವಿಯಾ ಪ್ಯಾಂಖರ್ಸ್ಟ್ ಅವರ ಸಮಾಧಿಯೂ ಇದೆ. ಇಟಲಿಯ ಆಕ್ರಮಣವನ್ನು ತಮ್ಮ ಪತ್ರಿಕೆಯಲ್ಲಿ ಬಿಡದೆ ಖಂಡಿಸಿದ ಆಕೆಗೆ ಇಥಿಯೋಪಿಯ ತನ್ನ ನೆಲದಲ್ಲಿ ಗೌರವದ ಜಾಗ ಕೊಟ್ಟಿತು.

ದೊರೆಯ ಕಾಲ ದೋಷವಿಲ್ಲದ್ದಲ್ಲ. 1973ರ ವೊಲ್ಲೊ ಬರಗಾಲದ ಹಸಿವನ್ನು ಆಳುವವರು ಮುಚ್ಚಿಟ್ಟದ್ದೇ ಅವನ ಪತನಕ್ಕೆ ಒಂದು ಕಾರಣ. ಆದರೆ ಅವನ ನಂತರ ಬಂದವರು ಇನ್ನೂ ನಿರ್ದಯರು. ಮೆಸ್ಕೆಲ್ ಚೌಕದ ಅಂಚಿನಲ್ಲಿ 2010ರಲ್ಲಿ ತೆರೆದ ಕೆಂಪು ಭಯೋತ್ಪಾತ ಹುತಾತ್ಮರ ಸ್ಮಾರಕ ಸಂಗ್ರಹಾಲಯದಲ್ಲಿ, ದೆರ್ಗ್ ನಾಯಕ ಮೆಂಗಿಸ್ತುವಿನ ಕಾಲದಲ್ಲಿ ಕೊಲೆಯಾದ ವಿದ್ಯಾರ್ಥಿಗಳ, ತರುಣ ತರುಣಿಯರ ಭಾವಚಿತ್ರಗಳು ಗೋಡೆ ತುಂಬ ಇವೆ. ಸಾಮೂಹಿಕ ಗುಂಡಿಗಳಿಂದ ಹೊರತೆಗೆದ ಎಲುಬುಗಳು, ಬಟ್ಟೆಗಳು ಗಾಜಿನ ಕಪಾಟುಗಳಲ್ಲಿವೆ. ಇಲ್ಲಿ ಕೆಲವೊಮ್ಮೆ ವಿವರಿಸುವವರೇ ಅಂದಿನ ಸೆರೆಮನೆಗಳಲ್ಲಿ ಹಿಂಸೆ ಉಂಡವರು. ಮಕ್ಕಳನ್ನು ಕರೆದೊಯ್ಯುವ ಮೊದಲು ಯೋಚಿಸಿ. ಆದರೆ ದೊಡ್ಡವರು ಇದನ್ನು ಬಿಟ್ಟು ಮುಂದೆ ಹೋಗಬಾರದು.

ಚೌಕದಿಂದ ಸ್ವಲ್ಪ ದೂರದಲ್ಲಿ 1961ರಲ್ಲಿ ಕಟ್ಟಿದ ಆಫ್ರಿಕ ಹಾಲ್ ಇದೆ. 1963ರ ಮೇ 25ರಂದು 32 ಸ್ವತಂತ್ರ ದೇಶಗಳು ಆಫ್ರಿಕ ಏಕತಾ ಸಂಘಟನೆಗೆ ಸಹಿ ಹಾಕಿದ್ದು ಇಲ್ಲಿಯೇ. ಒಳಗೆ ಆಫೆವೆರ್ಕ್ ತೆಕ್ಲೆ ಅವರ 150 ಚದರ ಮೀಟರ್ ಗಾಜಿನ ಚಿತ್ರ ಮೂರು ಭಾಗಗಳಲ್ಲಿ ಖಂಡದ ನಿನ್ನೆ, ಇಂದು, ನಾಳೆಗಳನ್ನು ಕಾಣಿಸುತ್ತದೆ. ಇಟಲಿಯ ಬೂಟುಗಾಲಿಗೆ ಸಿಕ್ಕ ಊರು ಮೂವತ್ತು ವರ್ಷ ಕಳೆಯುವ ಮುಂಚೆ ಇಡೀ ಆಫ್ರಿಕದ ಸಭಾಮಂದಿರವಾಯಿತು.

ಈಗ ನಗರ ಭರದಿಂದ ಬದಲಾಗುತ್ತಿದೆ. 2015ರಲ್ಲಿ ಲಘು ರೈಲು ಬಂತು. 2024ರಲ್ಲಿ ಪಿಯಾಸ್ಸದಲ್ಲಿ ಅದ್ವ ವಿಜಯದ ಭವ್ಯ ಸ್ಮಾರಕ ತೆರೆಯಿತು. ಆದರೆ ಅದೇ ವರ್ಷ ರಸ್ತೆ ಅಗಲಿಸುವ ಯೋಜನೆಗಾಗಿ ಅದೇ ಪಿಯಾಸ್ಸದ ಹಳೆಯ ಅಂಗಡಿಸಾಲುಗಳೂ, ಮರದ ಜಗಲಿಯ ಮನೆಗಳೂ ಬಹುಮಟ್ಟಿಗೆ ನೆಲಸಮವಾದವು. ಅಲ್ಲಿ ತಲೆಮಾರುಗಳಿಂದ ಇದ್ದವರು ನಗರದ ಅಂಚಿಗೆ ಹೋದರು. ಶತ್ರು ಕಟ್ಟಿದ ಮೆಟ್ಟಿಲನ್ನೂ ಉಳಿಸಿಕೊಂಡ ಊರು ತನ್ನ ಜನ ಬಾಳಿದ ಬೀದಿಯನ್ನು ಇಷ್ಟು ಬೇಗ ಬಿಟ್ಟುಕೊಡಬಾರದಿತ್ತೆಂದು ನನಗೆ ಅನಿಸುತ್ತದೆ. ಉಳಿದಿರುವ ಹಳೆಯ ಕಟ್ಟಡಗಳನ್ನು ನೋಡಬಯಸುವವರು ತಡಮಾಡದೆ ಹೋಗುವುದು ಒಳ್ಳೆಯದು.

ಹೋಗುವುದಾದರೆ ಜನವರಿ 19ರ ತಿಮ್‌ಕತ್ ಹಬ್ಬಕ್ಕೆ ಹೊಂದಿಸಿಕೊಳ್ಳಿ. ಅದರ ಮುನ್ನಾದಿನ ಊರಿನ ಚರ್ಚುಗಳ ತಾಬೊತ್‌ಗಳು ಬಣ್ಣದ ಛತ್ರಿಗಳ ಅಡಿಯಲ್ಲಿ ಜಾನ್ ಮೇದ ಬಯಲಿಗೆ ಮೆರವಣಿಗೆಯಲ್ಲಿ ಬರುತ್ತವೆ. ಇಲ್ಲವೇ ಸೆಪ್ಟೆಂಬರ್ ಕೊನೆಯಲ್ಲಿ ಮೆಸ್ಕೆಲ್ ಹಬ್ಬದ ಮುನ್ನಾದಿನ ಚೌಕದಲ್ಲಿ ದೆಮೆರ ಎಂಬ ದೊಡ್ಡ ಅಗ್ನಿಕುಂಡ ಹೊತ್ತಿಸುವುದನ್ನು ನೋಡಲು ಹೋಗಿ. ಮಾರ್ಗದರ್ಶಿ ಬೆಳಿಗ್ಗೆ ಒಂದು ಗಂಟೆಗೆ ಬರುತ್ತೇನೆಂದರೆ ಗಾಬರಿಯಾಗಬೇಡಿ. ಸೂರ್ಯೋದಯದಿಂದ ಗಳಿಗೆ ಎಣಿಸುವ ನಮ್ಮ ಪಂಚಾಂಗದವರ ಹಾಗೆಯೇ ಅವರೂ ಹಗಲನ್ನು ಬೆಳಗಿನಿಂದ ಎಣಿಸುತ್ತಾರೆ. ಆತ ನಮ್ಮ ಗಡಿಯಾರದ ಏಳು ಗಂಟೆಗೆ ಬಾಗಿಲಲ್ಲಿ ಇರುತ್ತಾನೆ. ನಮಸ್ಕಾರ.