ಒಲೆಗುಂಡಿನ ಮೇಲೊಂದು ಚೆಂಡು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಚೆಂಡಿನ ವಿಷಯ ಹೇಳುತ್ತೇನೆ. ಇದನ್ನು ಎಸೆಯುವುದಿಲ್ಲ, ಒದೆಯುವುದೂ ಇಲ್ಲ. ಇದು ಕೂತ ಜಾಗದಲ್ಲೇ ಕೂತು ಅಂಗೈ ಕೆಳಗೆ ಉರುಳುತ್ತದೆ. ಹೆಸರು ಟ್ರ್ಯಾಕ್‌ಬಾಲ್. ನಾಣ್ಯ ಹಾಕಿ ನಿಂತು ಆಡುವ ದೊಡ್ಡ ವಿಡಿಯೋ ಗೇಮ್ ಪೆಟ್ಟಿಗೆಗಳಿದ್ದವು ಅಲ್ವಾ, ಅವುಗಳಲ್ಲಿ ಕೆಲವಕ್ಕೆ ಜಾಯ್‌ಸ್ಟಿಕ್ ಬದಲು ಈ ಚೆಂಡು ಇರುತ್ತಿತ್ತು.

ಇದರ ಹುಟ್ಟು ಆಟದಲ್ಲಲ್ಲ. 1952ರಲ್ಲಿ ಕೆನಡಾದ ನೌಕಾಪಡೆಗೆ ರಾಡಾರ್ ಪರದೆಯ ಮೇಲೆ ಗುರುತು ಸರಿಸಲು ಒಂದು ಸಾಧನ ಬೇಕಾಯಿತು. ಅಲ್ಲಿನ ಎಂಜಿನಿಯರುಗಳು ತಮ್ಮೂರಿನ ಬೌಲಿಂಗ್ ಆಟದ ಚೆಂಡನ್ನೇ ತಂದು ಕೂರಿಸಿದರು. ಅಂಗಡಿಯಲ್ಲಿ ಸಿಗುವ ಚೆಂಡಿನಿಂದ ಯುದ್ಧನೌಕೆಯ ಯಂತ್ರ! ನಾನೂ ಮನೆಯಲ್ಲಿ ಒಂದು ಮಾಡಬಹುದು ಅಂತ ನನಗೆ ಧೈರ್ಯ ಕೊಟ್ಟಿದ್ದೇ ಈ ಸಂಗತಿ. ಆಟಕ್ಕೆ ಬಂದಿದ್ದು ಆಮೇಲೆ. 1978ರಲ್ಲಿ ಅಟಾರಿ ಕಂಪನಿ ಫುಟ್‌ಬಾಲ್ ಅನ್ನುವ ವಿಡಿಯೋ ಗೇಮ್ ತಂದಾಗ, ಚೆಂಡು ಉಜ್ಜಿ ಉಜ್ಜಿ ಆಡುವವರ ಅಂಗೈಯಲ್ಲಿ ಗುಳ್ಳೆ ಏಳುತ್ತಿದ್ದವಂತೆ. 1980ರಲ್ಲಿ ಇದೇ ಚೆಂಡಿನ ಮಿಸೈಲ್ ಕಮಾಂಡ್ ಅನ್ನುವ ಆಟ ಬಂತು, ಮರುವರ್ಷ ಸೆಂಟಿಪೀಡ್.

ಬೆಂಗಳೂರಿನ ನಮ್ಮ ಮನೆಯಲ್ಲಿ ಪ್ಲೈವುಡ್ಡಿನಲ್ಲಿ ಅಂಥದ್ದೊಂದು ಪೆಟ್ಟಿಗೆ ಮಾಡಿಕೊಂಡಿದ್ದೇನೆ. ಸ್ವಿಚ್ಚು, ವೈರು ಎಲ್ಲಾ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿತು. ಚೆಂಡು ಮಾತ್ರ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಆಟದ ಪೆಟ್ಟಿಗೆಗಳಲ್ಲಿ ಬಳಸುವ ಒಂದು ಅಳತೆಯೂ ಪೂಲ್ ಆಟದ ಚೆಂಡಿನ ಅಳತೆಯೂ ಒಂದೇ. ಎರಡೂ ಕಾಲು ಇಂಚು, ಅಂದರೆ ಸುಮಾರು 57 ಮಿಲಿಮೀಟರ್. ಸ್ನೂಕರ್ ಚೆಂಡು ತರಬೇಡಿ, ಅದು 52.5, ಚಿಕ್ಕದಾಗುತ್ತದೆ.

ಚೆಂಡು ಕೂರುವುದು ಹೇಗೆ? ನಮ್ಮ ಅಜ್ಜಿ ಬಯಲಲ್ಲಿ ಅಡುಗೆ ಮಾಡಬೇಕಾದರೆ ಮೂರು ಕಲ್ಲು ಇಡುತ್ತಿದ್ದರು. ನಾಲ್ಕಲ್ಲ, ಮೂರೇ. ಮೂರು ಗುಂಡಿನ ಮೇಲೆ ಕೂತ ಪಾತ್ರೆ ಅಲ್ಲಾಡುವುದೇ ಇಲ್ಲ. ಇಲ್ಲೂ ಅದೇ ಲೆಕ್ಕ. ಎರಡು ಉಕ್ಕಿನ ರೋಲರುಗಳು ಒಂದಕ್ಕೊಂದು ಲಂಬವಾಗಿ, ಎದುರು ಮೂಲೆಯಲ್ಲಿ ಒಂದು ಬೇರಿಂಗ್. ಮೂರೂ ಚೆಂಡಿನ ಹೊಟ್ಟೆಗಿಂತ ಕೆಳಗೆ ತಾಗಬೇಕು. ಒಂದು ರೋಲರ್ ಎಡ ಬಲ ನೋಡಿಕೊಳ್ಳುತ್ತದೆ, ಇನ್ನೊಂದು ಹಿಂದೆ ಮುಂದೆ. ಬೇರಿಂಗ್‌ನದು ಬರೀ ಹೊರುವ ಕೆಲಸ.

ರೋಲರಿನ ತುದಿಗೆ ಸೀಳುಗಳಿರುವ ಒಂದು ತಟ್ಟೆ. ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಇನ್ಫ್ರಾರೆಡ್ ದೀಪ, ಇನ್ನೊಂದು ಬದಿಯಲ್ಲಿ ಎರಡು ಬೆಳಕಿನ ಕಣ್ಣು. ಹೊಟ್ಟೆಯಲ್ಲಿ ಉಂಡೆ ಇರುವ ಹಳೆಯ ಕಂಪ್ಯೂಟರ್ ಮೌಸ್ ಬಿಚ್ಚಿದರೆ ಇವೆಲ್ಲ ಸಿಗುತ್ತವೆ. ಕಣ್ಣು ಎರಡು ಯಾಕೆ? ಒಂದೇ ಇದ್ದರೆ ಎಷ್ಟು ತಿರುಗಿತು ಅನ್ನುವುದು ಗೊತ್ತಾಗುತ್ತದೆ, ಯಾವ ಕಡೆಗೆ ಅನ್ನುವುದು ಗೊತ್ತಾಗುವುದಿಲ್ಲ. ಸೀಳಿನಿಂದ ಸೀಳಿಗೆ ಇರುವ ಅಂತರದ ಕಾಲು ಭಾಗದಷ್ಟು ಎರಡನ್ನೂ ಹಿಂದೆ ಮುಂದೆ ಕೂರಿಸಿದರೆ, ಯಾವ ಕಣ್ಣಿಗೆ ಮೊದಲು ಕತ್ತಲಾಯಿತು ಅನ್ನುವುದರಲ್ಲೇ ದಿಕ್ಕು ಸಿಕ್ಕಿಬಿಡುತ್ತದೆ. ಇಷ್ಟು ಸರಳವಾದ ಉಪಾಯ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ನನ್ನ ರೋಲರ್ 12 ಮಿಲಿಮೀಟರ್ ದಪ್ಪ, ತಟ್ಟೆಯಲ್ಲಿ 24 ಸೀಳು. ಎರಡು ಕಣ್ಣಿಗೂ ಕತ್ತಲು, ಬೆಳಕು ಸೇರಿ ಒಂದು ಸೀಳಿಗೆ ನಾಲ್ಕು ಎಣಿಕೆ. ಚೆಂಡು ಒಂದು ಸುತ್ತು ಹಾಕಿದರೆ ರೋಲರ್ ಐದಕ್ಕೆ ಸ್ವಲ್ಪ ಕಮ್ಮಿ ಸುತ್ತು ಹಾಕುತ್ತದೆ, ಸುಮಾರು 450 ಎಣಿಕೆ ಬರುತ್ತದೆ. ಆಟಕ್ಕೆ ಧಾರಾಳವಾಗಿ ಸಾಕು.

ಎಣಿಸಲು ಮೊದಲು ಆ ಹಳೆಯ ಮೌಸಿನ ಚಿಪ್ಪನ್ನೇ ಇಟ್ಟಿದ್ದೆ. ಮೆಲ್ಲಗೆ ಉರುಳಿಸಿದರೆ ಸರಿ. ಜೋರಾಗಿ ಬೀಸಿದರೆ ಪರದೆಯ ಗುರುತು ಹಿಂದಕ್ಕೆ ಓಡುತ್ತಿತ್ತು! ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ತೊಂದರೆ. ನೋಡುವ ಕಣ್ಣಿಗಿಂತ ತಟ್ಟೆಯ ವೇಗ ಜಾಸ್ತಿ. ಅದನ್ನು ತೆಗೆದು ಆರ್ಡುಯಿನೋ ಲಿಯೊನಾರ್ಡೋ ಅನ್ನುವ, ನಾವೇ ಪ್ರೋಗ್ರಾಂ ಬರೆದು ಹಾಕಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಹಾಕಿದೆ. ಅದು ಬೇಗ ಎಣಿಸುತ್ತದೆ, ಕಂಪ್ಯೂಟರಿಗೆ ನಾನೊಂದು ಮೌಸ್ ಅಂತ ತಾನೇ ಹೇಳಿಕೊಳ್ಳುತ್ತದೆ. ಒಂದು ಬೆಳಗ್ಗೆ ಗುರುತು ತಾನಾಗಿಯೇ ಅಲೆಯುತ್ತಿತ್ತು. ಕಿಟಕಿಯ ಬಿಸಿಲು ಪ್ಲೈವುಡ್ಡಿನ ಸಂದಿಯಲ್ಲಿ ಇಳಿದು ಆ ಕಣ್ಣುಗಳ ಮೇಲೆ ಬಿದ್ದಿತ್ತು. ಸಂದಿಗೆ ಕಪ್ಪು ಕಾಗದ ಅಂಟಿಸಿದೆ, ಸರಿಹೋಯಿತು.

ಆದರೆ ನಿಜವಾದ ಕೆಲಸ ಇರುವುದು ಬೇರಿಂಗಿನಲ್ಲಿ. ಟ್ರ್ಯಾಕ್‌ಬಾಲಿನ ಜೀವ ಯಾವುದು ಅಂದರೆ, ಕೈ ಎತ್ತಿದ ಮೇಲೂ ಚೆಂಡು ಉರುಳುತ್ತಲೇ ಇರಬೇಕು. ಬುಗುರಿ ಬಿಟ್ಟ ಹಾಗೆ. ಜಾಯ್‌ಸ್ಟಿಕ್‌ಗೆ ಈ ಗುಣ ಇಲ್ಲ, ಮೇಜಿನ ಮೇಲಿನ ಮೌಸಿಗೂ ಇಲ್ಲ. ನಾನು ತಂದ 608 ನಂಬರಿನ ಹೊಸ ಬೇರಿಂಗ್‌ಗಳ ಒಳಗೆ ಗಟ್ಟಿ ಗ್ರೀಸ್ ಇತ್ತು. ಚೆಂಡು ಅರ್ಧ ಸುತ್ತಿಗೇ ನಿಂತುಬಿಡುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಕೈಗೆ ಸಿಕ್ಕಿತು ಅಂತ ಕೊಬ್ಬರಿ ಎಣ್ಣೆ ಬಿಟ್ಟೆ. ಬೇಸಿಗೆ ಪೂರ್ತಿ ಚೆನ್ನಾಗಿಯೇ ಓಡಿತು. ಡಿಸೆಂಬರ್ ಬಂತು ನೋಡಿ, ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾದ ದಿನವೇ ಚೆಂಡೂ ಬಿಗಿಯಿತು. ಮತ್ತೆ ಎಲ್ಲಾ ಬಿಚ್ಚಿ, ತೊಳೆದು, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೊಂದೇ ಹನಿ ಬಿಟ್ಟೆ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಮೇಲಿನ ಹಲಗೆಯ ತೂತು ಚೆಂಡಿಗಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಚೆಂಡು ಹೊರಗೆ ಹಾರುತ್ತದೆ. ನನ್ನದು 54 ಮಿಲಿಮೀಟರ್. ಚೆಂಡಿಗೂ ಅಂಚಿಗೂ ನಡುವೆ ಒಂದು ಮಿಲಿಮೀಟರ್ ಬಿಟ್ಟರೆ ಸಾಕು. ಜಾಸ್ತಿ ಬಿಟ್ಟರೆ ಬೆರಳಿನ ಚರ್ಮ ಸಿಕ್ಕಿಕೊಳ್ಳುತ್ತದೆ, ಮಕ್ಕಳಿರುವ ಮನೆಯಲ್ಲಂತೂ ಹುಷಾರು. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬೆರಳು ಆಡಿಸಿ ನೋಡಿ, ಮತ್ತೆ ಉಜ್ಜಿ.

ಎಲ್ಲಾ ಜೋಡಿಸಿದ ಸಂಜೆ ತಂಗಿಯ ಮಗಳು ಬಂದಳು. ಒಂಬತ್ತು ವರ್ಷ. ಅಂಗೈಯಲ್ಲಿ ಚೆಂಡನ್ನು ಒಮ್ಮೆ ಜೋರಾಗಿ ಬೀಸಿ ಕೈ ಎತ್ತಿದಳು. ಪರದೆಯ ಮೇಲೆ ಗುರುತು ಓಡಿತು, ಓಡುತ್ತಲೇ ಇತ್ತು. ಚೆಂಡಿನ ಕೆಳಗಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು. “ಮಾಮ, ನಾನು ಮುಟ್ಟಿಲ್ಲ, ಇನ್ನೂ ಹೋಗ್ತಾನೇ ಇದೆ!” ಅಂದಳು. ಇಬ್ಬರೂ ಎಣಿಸಿದೆವು. ಎಂಟಕ್ಕೆ ನಿಂತಿತು. ಅವಳು ಮತ್ತೆ ಬೀಸಿದಳು.

ನಮಸ್ಕಾರ.